ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ವಿಮಾನದ ದೂರ ಮತ್ತು ಗಂಟೆಗಳ ಲೆಕ್ಕ ನೀವೇ ಹಾಕುವುದು ಹೇಗೆ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೂ ಎಷ್ಟು ದೂರ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿದರೆ 13,993 ಎಂಬ ಉತ್ತರ ಸಿಗುತ್ತದೆ, 8,695 ಎಂದೂ ಸಿಗುತ್ತದೆ, 7,556 ಎಂದೂ ಸಿಗುತ್ತದೆ. ಮೂರೂ ಸರಿ. ಮೊದಲನೆಯದು ಕಿಲೋಮೀಟರ್, ಎರಡನೆಯದು ಮೈಲಿ, ಮೂರನೆಯದು ವಿಮಾನ ಮತ್ತು ಹಡಗುಗಳವರು ಬಳಸುವ ನಾಟಿಕಲ್ ಮೈಲಿ. ಆದರೆ ಬಾಣಂತನಕ್ಕೆ ಹೊರಟ ತಾಯಿಗೋ ಮೊದಲ ಸಲ ಮಗನ ಮನೆಗೆ ಹೊರಟ ನಿವೃತ್ತ ಮೇಷ್ಟರಿಗೋ ಬೇಕಾಗಿರುವುದು ಇವು ಯಾವುವೂ ಅಲ್ಲ. ಎಷ್ಟು ಗಂಟೆ ಕೂತಿರಬೇಕು, ಯಾವ ದಿನ ಇಳಿಯುತ್ತೇವೆ, ಕರೆದೊಯ್ಯಲು ಬರುವವರು ಯಾವ ರಾತ್ರಿ ಬರಬೇಕು ಎನ್ನುವುದು ಅವರ ಪ್ರಶ್ನೆ. ದೂರದಿಂದ ಆ ಉತ್ತರದವರೆಗೆ ಹೋಗುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದ್ದೇನೆ. ಉದಾಹರಣೆ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಆದರೂ, ಇದೇ ಕ್ರಮದಲ್ಲಿ ಬೇರೆ ಯಾವ ಎರಡು ಊರುಗಳ ಲೆಕ್ಕವನ್ನೂ ಹಾಕಬಹುದು.

ಮೊದಲ ಹಂತ: ಗೋಳದ ಮೇಲೆ ದಾರ ಹಿಡಿಯಿರಿ

ಗೋಡೆಗೆ ತೂಗುಹಾಕಿದ ಚಪ್ಪಟೆ ನಕ್ಷೆಯನ್ನು ಮರೆತುಬಿಡಿ. ಅದರ ಮೇಲೆ ಸ್ಕೇಲ್ ಇಟ್ಟು ಬೆಂಗಳೂರಿನಿಂದ ಪೂರ್ವಕ್ಕೆ ಪೆಸಿಫಿಕ್ ಸಾಗರ ದಾಟಿ ಗೆರೆ ಎಳೆದರೆ ಅದು ನೇರವಾಗಿಯೇ ಕಾಣುತ್ತದೆ. ನಿಜವಾಗಿ ಆ ದಾರಿಯ ಉದ್ದ ಸುಮಾರು 16,100 ಕಿಲೋಮೀಟರ್. ಅಂದರೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚಿನ ಸುತ್ತು.

ಮಕ್ಕಳ ಮೇಜಿನ ಮೇಲಿರುವ ಗೋಳವನ್ನು ತೆಗೆದುಕೊಳ್ಳಿ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಕ್ಯಾಲಿಫೋರ್ನಿಯಾದ ಕರಾವಳಿಯ ಮೇಲೆ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಹೆಚ್ಚುಕಡಿಮೆ ಉತ್ತರಕ್ಕೇ ಏರುತ್ತದೆ. ಮಧ್ಯ ಭಾರತ, ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾ, ಆಮೇಲೆ ಆರ್ಕ್ಟಿಕ್ ವೃತ್ತವನ್ನೂ ದಾಟಿ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಹೋಗಿ, ಅಲಾಸ್ಕಾದ ಮೇಲೆ ಕೆಳಗಿಳಿದು ಸ್ಯಾನ್ ಫ್ರಾನ್ಸಿಸ್ಕೊ ತಲುಪುತ್ತದೆ. ಭೂಗೋಳದ ಪುಸ್ತಕದಲ್ಲಿ ಇದಕ್ಕೆ ಮಹಾವೃತ್ತದ ದಾರಿ ಎನ್ನುತ್ತಾರೆ. ಗೋಳದ ಮೇಲಿನ ಎರಡು ಬಿಂದುಗಳ ನಡುವೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ವೆಬ್‌ಸೈಟುಗಳು ತೋರಿಸುವ ದೂರವೂ ಇದೇ.

ಗೋಳ ಇಲ್ಲದವರು ಕಂಪ್ಯೂಟರಿನಲ್ಲಿ ಗೂಗಲ್ ನಕ್ಷೆ ತೆರೆದು, ಒಂದು ನಿಲ್ದಾಣದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ದೂರ ಅಳೆಯುವ ಆಯ್ಕೆಯನ್ನು ಆರಿಸಿಕೊಂಡು, ಇನ್ನೊಂದು ನಿಲ್ದಾಣದ ಮೇಲೆ ಕ್ಲಿಕ್ ಮಾಡಿದರೆ ಸಾಕು.

ಎರಡನೆಯ ಹಂತ: ಸಂಖ್ಯೆಯನ್ನು ನೀವೇ ತೆಗೆಯಿರಿ (ಇಷ್ಟವಿದ್ದರೆ)

ಗಣಿತ ಬೇಡವೆನ್ನುವವರು ಮುಂದಿನ ಹಂತಕ್ಕೆ ಹೋಗಬಹುದು, ನಷ್ಟವೇನಿಲ್ಲ. ಪಿಯುಸಿಯಲ್ಲಿ ತ್ರಿಕೋನಮಿತಿ ಓದಿದವರಿಗೆ ಮಾತ್ರ ಇದೊಂದು ಖುಷಿಯ ಕೆಲಸ.

ಬೇಕಾಗುವುದು ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶ. ಬೆಂಗಳೂರು: 13.198 ಉತ್ತರ, 77.706 ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ: 37.619 ಉತ್ತರ, 122.375 ಪಶ್ಚಿಮ. ಸೂತ್ರವನ್ನು ಮಾತಿನಲ್ಲಿ ಹೇಳುವುದಾದರೆ: ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ ಇಟ್ಟುಕೊಳ್ಳಿ. ಎರಡೂ ಅಕ್ಷಾಂಶಗಳ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿ. ಎರಡನ್ನೂ ಕೂಡಿಸಿ. ಬಂದ ಮೊತ್ತ ಯಾವ ಕೋನದ ಕೊಸೈನ್ ಆಗಿದೆಯೋ ಆ ಕೋನವೇ ಎರಡು ಊರುಗಳ ನಡುವಿನ ಕೋನ.

ಇಲ್ಲಿ ಮೊದಲ ಗುಣಲಬ್ಧ 0.139. ಎರಡನೆಯದು ಮೈನಸ್ 0.724. ಕೂಡಿಸಿದರೆ ಮೈನಸ್ 0.585. ಅದಕ್ಕೆ ಹೊಂದುವ ಕೋನ 125.8 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿಗೆ 111.2 ಕಿಲೋಮೀಟರ್, ಗುಣಿಸಿದರೆ 13,990ರ ಆಸುಪಾಸು. ಡಿಗ್ರಿಯನ್ನು 60ರಿಂದ ಗುಣಿಸಿದರೆ ನೇರವಾಗಿ ನಾಟಿಕಲ್ ಮೈಲಿ ಸಿಗುತ್ತದೆ, ಏಕೆಂದರೆ ಡಿಗ್ರಿಯ ಅರವತ್ತನೇ ಒಂದು ಭಾಗವನ್ನೇ ಆ ಮೈಲಿಯ ಅಳತೆಯಾಗಿ ಇಟ್ಟುಕೊಂಡದ್ದು. ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ. ಅದನ್ನೂ ಹಿಡಿದು ಲೆಕ್ಕ ಹಾಕುವ ವೆಬ್‌ಸೈಟುಗಳ ಉತ್ತರ ಕೆಲವು ಕಿಲೋಮೀಟರ್ ಆಚೀಚೆ ಆಗುತ್ತದೆ. ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಒಂದೇ ಎಚ್ಚರಿಕೆ. ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕಬೇಕು. ಮರೆತರೆ ಉತ್ತರ ಸುಮಾರು 5,200 ಕಿಲೋಮೀಟರ್ ಬರುತ್ತದೆ, ನಿಮ್ಮ ವಿಮಾನ ಕ್ಯಾಲಿಫೋರ್ನಿಯಾದ ಬದಲು ಚೀನಾದ ಶಾಂಡಾಂಗ್ ಕರಾವಳಿಯಲ್ಲಿ ಇಳಿದಿರುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ಮಾಡುವವರು ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಿಕೊಳ್ಳುವುದನ್ನೂ ಮರೆಯಬಾರದು.

ಮೂರನೆಯ ಹಂತ: ದೂರವನ್ನು ಗಂಟೆಗೆ ತಿರುಗಿಸಿ

ದೂರದ ಪಯಣದ ದೊಡ್ಡ ವಿಮಾನಗಳು ಎತ್ತರಕ್ಕೇರಿದ ಮೇಲೆ ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ ಹಾರುತ್ತವೆ. ಏರುವಾಗ, ಇಳಿಯುವಾಗ, ರನ್‌ವೇಗೆ ಉರುಳಿಕೊಂಡು ಹೋಗುವಾಗ ವೇಗ ಕಡಿಮೆ. ಆದ್ದರಿಂದ ದೂರವನ್ನು 900ರಿಂದ ಭಾಗಿಸಿ, ಮುಕ್ಕಾಲು ಗಂಟೆ ಸೇರಿಸಿ. 13,993 ಭಾಗಿಸು 900 ಅಂದರೆ ಹದಿನೈದೂವರೆ ಗಂಟೆ. ಮುಕ್ಕಾಲು ಸೇರಿಸಿದರೆ ಹದಿನಾರು ಕಾಲು. ಇದು ಗಾಳಿಯೇ ಇಲ್ಲದ, ಗಡಿಗಳೂ ಇಲ್ಲದ ಆಕಾಶದ ಲೆಕ್ಕ.

ಟಿಕೆಟ್ ಮೇಲೆ ಅಚ್ಚಾಗುವ ಅವಧಿ ಒಂದು ಗೇಟ್ ಬಿಟ್ಟ ಕ್ಷಣದಿಂದ ಇನ್ನೊಂದು ಗೇಟ್ ಮುಟ್ಟುವವರೆಗಿನದು, ಬರೀ ಗಾಳಿಯಲ್ಲಿದ್ದ ಹೊತ್ತಲ್ಲ. ವಿಮಾನ ಸಂಸ್ಥೆಗಳು ಅದರೊಳಗೆ ತಡಕ್ಕೂ ಸ್ವಲ್ಪ ಜಾಗ ಇಟ್ಟುಕೊಂಡಿರುತ್ತವೆ.

ನಾಲ್ಕನೆಯ ಹಂತ: ಹೋಗುವಾಗ ಬೇರೆ, ಬರುವಾಗ ಬೇರೆ

ಹೋಗುವ ದಾರಿ, ಬರುವ ದಾರಿ ಒಂದೇ ದೂರವಾದರೂ ಗಂಟೆಗಳು ಒಂದೇ ಅಲ್ಲ. ಉತ್ತರ ಗೋಳಾರ್ಧದಲ್ಲಿ ಒಂಬತ್ತು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತಿರುತ್ತದೆ. ಚಳಿಗಾಲದಲ್ಲಿ ಜಪಾನ್ ಮತ್ತು ಪೆಸಿಫಿಕ್ ಮೇಲೆ ಅದರ ಜೋರು ಗಂಟೆಗೆ 200 ಕಿಲೋಮೀಟರ್ ದಾಟುವುದು ಅಪರೂಪವೇನಲ್ಲ. ಇದು ಬೆನ್ನಿಗೆ ಬಿದ್ದರೆ ಲಾಭ, ಎದುರಾದರೆ ನಷ್ಟ. ಹೀಗಾಗಿ ಬೆಂಗಳೂರಿನಿಂದ ಹೊರಡುವ ವಿಮಾನ ಪೂರ್ವಕ್ಕೆ ಹೊರಳಿ ಪೆಸಿಫಿಕ್ ಮೇಲೆ ಹೋದರೆ ಕಿಲೋಮೀಟರ್ ಹೆಚ್ಚಾದರೂ ಗಂಟೆ ಉಳಿಯಬಹುದು. ಮರಳುವಾಗ ಅದೇ ದಾರಿ ಹಿಡಿದರೆ ಎದುರುಗಾಳಿ; ಉತ್ತರಕ್ಕೆ, ಧ್ರುವದ ಕಡೆಗೆ ಹೋಗುವುದೇ ಜಾಣತನ.

2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ತಡೆರಹಿತ ಸೇವೆ ಆರಂಭಿಸಿದಾಗ ನಡೆದದ್ದು ಇದೇ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವದಲ್ಲಿ ಕಾಕ್‌ಪಿಟ್ಟಿನಲ್ಲಿ ಮಹಿಳೆಯರೇ ಇದ್ದ ಬೋಯಿಂಗ್ 777 ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಬಂದಿತು. ಆ ಹಾರಾಟ ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಮಹಿಳಾ ಸಿಬ್ಬಂದಿಯಿಂದಾಗಿ. ದಾರಿಯ ಆಯ್ಕೆಯೂ ಅಷ್ಟೇ ಸ್ವಾರಸ್ಯದ್ದು. ಧ್ರುವದ ಮೇಲಿನ ಕೊರೆಯುವ ಚಳಿಯಲ್ಲಿ ರೆಕ್ಕೆಯೊಳಗಿನ ಇಂಧನ ಹೆಪ್ಪುಗಟ್ಟದಂತೆ ಪೈಲಟ್‌ಗಳು ಅದರ ಉಷ್ಣತೆಯನ್ನೂ ಗಮನಿಸುತ್ತಲೇ ಇರಬೇಕಾಗುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬಿಸುವ ಜೆಟ್ ಎ ಇಂಧನದ ಮಿತಿ ಮೈನಸ್ 40 ಡಿಗ್ರಿ. ನಮ್ಮಲ್ಲಿ ಬಳಸುವ ಜೆಟ್ ಎ-1ರದು ಮೈನಸ್ 47.

ಗಾಳಿಯ ನಂತರ ಬೆಟ್ಟ. ದಾರ ಹಿಡಿದಾಗ ಅದು ಟಿಬೆಟ್ ಮೇಲೆ ಹೋಯಿತಲ್ಲ, ವಿಮಾನಗಳು ಸಾಧ್ಯವಾದಷ್ಟೂ ಆ ದಾರಿಯನ್ನು ಬಿಡುತ್ತವೆ. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಕುಸಿದರೆ ಪೈಲಟ್ ಕೂಡಲೇ ಹತ್ತು ಸಾವಿರ ಅಡಿಯ ಎತ್ತರಕ್ಕೆ ಇಳಿಯಬೇಕು. ಪ್ರಯಾಣಿಕರ ತಲೆಯ ಮೇಲಿಂದ ಬೀಳುವ ಮುಖವಾಡದ ಆಮ್ಲಜನಕ ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸು ಬರುತ್ತದೆ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್, ಅಂದರೆ ಹದಿನಾಲ್ಕು ಸಾವಿರ ಅಡಿಗೂ ಮೇಲೆ. ಇಳಿಯಲು ಜಾಗವೇ ಇಲ್ಲ. ಆದ್ದರಿಂದ ಎಡಕ್ಕೋ ಬಲಕ್ಕೋ ಸುತ್ತು.

ಕೊನೆಗೆ ರಾಜಕೀಯ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ ಮತ್ತು ಯುರೋಪಿನ ವಿಮಾನ ಸಂಸ್ಥೆಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಭಾರತದ ಸಂಸ್ಥೆಗಳಿಗೆ ಅದು ತೆರೆದೇ ಉಳಿಯಿತು. ಅದಕ್ಕೂ ಬೆಲೆ ಇದೆ: 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗಡಾನ್ ಎಂಬ ದೂರದ ಊರಿನಲ್ಲಿ ಇಳಿಯಬೇಕಾಯಿತು, ಪ್ರಯಾಣಿಕರನ್ನು ಕರೆದೊಯ್ಯಲು ಇನ್ನೊಂದು ವಿಮಾನ ಹೋಗಬೇಕಾಯಿತು. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಹಾರಾಟಗಳು ಇನ್ನಷ್ಟು ಉದ್ದವಾದವು. ಕೆಲವು ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿದು ಹೋಗಬೇಕಾಯಿತು. ಹಳೆಯ ಲೇಖನದಲ್ಲಿ ಓದಿದ ಗಂಟೆಗಳನ್ನು ನಂಬಬೇಡಿ ಎನ್ನುವುದು ಇದಕ್ಕೇ. ಆ ವಾರ ಆ ವಿಮಾನ ನಿಜವಾಗಿ ಎಷ್ಟು ಹೊತ್ತು ಹಾರಿತು ಎಂಬುದು ಫ್ಲೈಟ್‌ರೇಡಾರ್24, ಫ್ಲೈಟ್‌ಅವೇರ್ ಮುಂತಾದ ಕಡೆ ಪುಕ್ಕಟೆಯಾಗಿ ಸಿಗುತ್ತದೆ. ವಿಮಾನದ ಸಂಖ್ಯೆ ಕೊಟ್ಟು ಹಿಂದಿನ ಕೆಲವು ದಿನಗಳ ದಾಖಲೆ ನೋಡಿ.

ಐದನೆಯ ಹಂತ: ಗಡಿಯಾರದ ಲೆಕ್ಕ

ಎಡವುವವರೆಲ್ಲ ಎಡವುವುದು ಇಲ್ಲಿಯೇ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ಭಾರತದ ಗಡಿಯಾರ ವರ್ಷವಿಡೀ ಒಂದೇ. ಕ್ಯಾಲಿಫೋರ್ನಿಯಾದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಆದ್ದರಿಂದ ಬೇಸಿಗೆಯಲ್ಲಿ ಅವರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ.

ಹೋಗುವಾಗ: ಟಿಕೆಟ್ಟಿನಲ್ಲಿರುವ ಎರಡು ಹೊತ್ತುಗಳ ನಡುವಿನ ಅಂತರಕ್ಕೆ ಈ ವ್ಯತ್ಯಾಸವನ್ನು ಕೂಡಿಸಿ. ಉದಾಹರಣೆಗೆ ಜುಲೈ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ 2:30ಕ್ಕೆ ಬೆಂಗಳೂರು ಬಿಟ್ಟು ಅದೇ ಮಂಗಳವಾರ ಸಂಜೆ 6ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಎಂದಿದೆ ಎನ್ನೋಣ. ಅಂತರ ಮೂರೂವರೆ ಗಂಟೆ, ಕೂಡಿಸಿದ್ದು ಹನ್ನೆರಡೂವರೆ, ಒಟ್ಟು ಹದಿನಾರು ಗಂಟೆ. ಮೂರೂವರೆ ಗಂಟೆಯಲ್ಲಿ ಅಮೆರಿಕ ತಲುಪಿಸುತ್ತಾರಂತೆ ಎಂದು ಟಿಕೆಟ್ ನೋಡಿ ಬೆರಗಾಗುವ ಹಿರಿಯರು ಪ್ರತಿ ಕುಟುಂಬದಲ್ಲೂ ಒಬ್ಬರಿರುತ್ತಾರೆ.

ಬರುವಾಗ: ಅಂತರದಿಂದ ವ್ಯತ್ಯಾಸವನ್ನು ಕಳೆಯಿರಿ. 2021ರ ಆ ಮೊದಲ ಹಾರಾಟದ ವೇಳಾಪಟ್ಟಿಯನ್ನೇ ತೆಗೆದುಕೊಳ್ಳಿ: ಜನವರಿ 9ರ ರಾತ್ರಿ 8:30ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, ಜನವರಿ 11ರ ಬೆಳಗಿನ ಜಾವ 3:45ಕ್ಕೆ ಬೆಂಗಳೂರು. ಅಂತರ 31 ಗಂಟೆ 15 ನಿಮಿಷ. ಚಳಿಗಾಲವಾದ್ದರಿಂದ ಹದಿಮೂರೂವರೆ ಕಳೆದರೆ 17 ಗಂಟೆ 45 ನಿಮಿಷ. ಮೂರನೆಯ ಹಂತದ ಹದಿನಾರು ಕಾಲು ಗಂಟೆಗೆ ಹೋಲಿಸಿದರೆ ಒಂದೂವರೆ ಗಂಟೆ ಹೆಚ್ಚು; ಅದು ಗಾಳಿ ಮತ್ತು ಸುತ್ತಿನ ಬಾಬತ್ತು. ನಿಮ್ಮ ಲೆಕ್ಕಕ್ಕೂ ಟಿಕೆಟ್ಟಿಗೂ ಇದಕ್ಕಿಂತ ತುಂಬಾ ಹೆಚ್ಚಿನ ಅಂತರ ಬಂದರೆ ನಡುವೆ ಎಲ್ಲೋ ನಿಲುಗಡೆ ಇದೆ ಎಂದೇ ತಿಳಿಯಿರಿ. ಒಂದೇ ವಿಮಾನ ಸಂಖ್ಯೆ ಇದ್ದ ಮಾತ್ರಕ್ಕೆ ಅದು ತಡೆರಹಿತ ಎಂದಾಗುವುದಿಲ್ಲ.

ಆರನೆಯ ಹಂತ: ನಡುವೆ ಎಲ್ಲಿ ಇಳಿಯುವುದು?

ತಡೆರಹಿತ ವಿಮಾನ ಎಲ್ಲ ಕಾಲದಲ್ಲೂ ಇರುತ್ತದೆಂಬ ಖಾತರಿ ಇಲ್ಲ. ಆದ್ದರಿಂದ ಬದಲಾಯಿಸುವ ಊರುಗಳನ್ನು ತೂಗಿ ನೋಡಬೇಕಾಗುತ್ತದೆ. ದೂರದ ಲೆಕ್ಕದಲ್ಲಿ ಇಲ್ಲೊಂದು ತಮಾಷೆ ಇದೆ. ಮಹಾವೃತ್ತದ ದಾರಿ ಉತ್ತರಕ್ಕೇ ಹೋಗುವುದರಿಂದ ದೆಹಲಿಯಲ್ಲಿ ಇಳಿದು ಹತ್ತಿದರೆ ಒಟ್ಟು ಸುಮಾರು 14,100 ಕಿಲೋಮೀಟರ್. ಸುತ್ತು ನೂರು ಕಿಲೋಮೀಟರ್ ಮಾತ್ರ. ಟೋಕಿಯೊದ ನರಿಟಾ ಮೂಲಕವಾದರೆ 14,900ರ ಸುಮಾರು, ಹಾಂಗ್‌ಕಾಂಗ್ ಮೂಲಕ 15,100, ದುಬೈ ಮೂಲಕ 15,700, ಫ್ರಾಂಕ್‌ಫರ್ಟ್ ಮೂಲಕ 16,500ಕ್ಕೂ ಸ್ವಲ್ಪ ಮೇಲೆ, ಲಂಡನ್ ಮೂಲಕ ಹೆಚ್ಚುಕಡಿಮೆ ಅಷ್ಟೇ, ಸಿಂಗಪುರದ ಮೂಲಕ 16,800ರ ಹತ್ತಿರ. ಸಿಂಗಪುರ ಪೂರ್ವಕ್ಕಿದೆ, ಅಮೆರಿಕವೂ ಪೂರ್ವಕ್ಕಿದೆ, ಹಾಗಾಗಿ ಹತ್ತಿರ ಎಂದುಕೊಳ್ಳುವವರಿಗೆ ಆ ಕೊನೆಯ ಸಂಖ್ಯೆ ಅಚ್ಚರಿ. ಅದು ದಕ್ಷಿಣಕ್ಕೆ ಇಳಿದು ಮತ್ತೆ ಏರುವ ದಾರಿ.

ಆದರೂ ದೂರ ನೋಡಿ ಟಿಕೆಟ್ ಕೊಳ್ಳಬೇಡಿ. ಟೋಕಿಯೊ ಹತ್ತಿರವಾದರೂ ಬೆಳಿಗ್ಗೆ ಅಲ್ಲಿ ಇಳಿದು ಸಂಜೆಯ ವಿಮಾನಕ್ಕೆ ಕಾಯಬೇಕಾದರೆ, ಎರಡು ಗಂಟೆಯ ಬದಲಾವಣೆ ಇರುವ ದುಬೈಯೇ ಬೇಗ ತಲುಪಿಸುತ್ತದೆ. ಸಾವಿರ ಕಿಲೋಮೀಟರ್ ಸುತ್ತು ಎಂದರೆ ಒಂದು ಗಂಟೆ ಹತ್ತು ನಿಮಿಷ; ತಪ್ಪಿದ ಒಂದು ಸಂಪರ್ಕ ವಿಮಾನ ಎಂದರೆ ಹತ್ತೋ ಹನ್ನೆರಡೋ ಗಂಟೆ. ನನ್ನ ಮಟ್ಟಿಗೆ ಎರಡೂವರೆಯಿಂದ ನಾಲ್ಕು ಗಂಟೆಯ ನಿಲುಗಡೆ ಹಿತ. ಅರವತ್ತು ದಾಟಿದವರಿಗೆ, ಮಂಡಿನೋವಿನವರಿಗೆ ಮೂರಕ್ಕಿಂತ ಕಡಿಮೆ ಬೇಡವೇ ಬೇಡ. ದೊಡ್ಡ ನಿಲ್ದಾಣಗಳಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ರೈಲು ಹತ್ತಿ ಹೋಗಬೇಕಾಗುತ್ತದೆ. ಗಾಲಿಕುರ್ಚಿ ಬೇಕೆಂದು ಟಿಕೆಟ್ ಕೊಳ್ಳುವಾಗಲೇ ಬರೆಸಿ, ಸಂಕೋಚ ಪಡಬೇಡಿ.

ಎರಡು ಹಾರಾಟಗಳೂ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದರಲ್ಲಿ ಕೂರಿಸುವ ಹೊಣೆ ಸಂಸ್ಥೆಯದಾಗುತ್ತದೆ. ನಾಲ್ಕು ಸಾವಿರ ರೂಪಾಯಿ ಉಳಿಸಲು ಎರಡು ಬೇರೆ ಟಿಕೆಟ್ ತೆಗೆಸಿದರೆ ಆ ಹೊಣೆ ನಿಮ್ಮ ತಲೆಯ ಮೇಲೆ. ಷಿಕಾಗೊ, ನ್ಯೂವಾರ್ಕ್ ಮೊದಲಾದ ಅಮೆರಿಕದ ಬೇರೆ ಊರಿನ ಮೂಲಕ ಹೋಗುವವರು ಇನ್ನೊಂದು ಗಂಟೆ ಹೆಚ್ಚೇ ಇಟ್ಟುಕೊಳ್ಳಿ: ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಲಗೇಜು ತೆಗೆದುಕೊಂಡು, ಮತ್ತೆ ಒಪ್ಪಿಸಬೇಕು. ಉಪ್ಪಿನಕಾಯಿ, ಹಪ್ಪಳ ತುಂಬಿದ ಎರಡು ಪೆಟ್ಟಿಗೆಗಳನ್ನು ಬೆಲ್ಟಿನಿಂದ ಇಳಿಸುವುದು ಆಗ ನಿಮ್ಮದೇ ಕೆಲಸ.

ಏಳನೆಯ ಹಂತ: ಮನೆಬಾಗಿಲಿನಿಂದ ಮನೆಬಾಗಿಲಿಗೆ

ಮೈಸೂರಿನ ಮನೆಯಿಂದ ಹೊರಟವರಿಗೆ ದೇವನಹಳ್ಳಿಯ ನಿಲ್ದಾಣಕ್ಕೆ ಫ್ಲೈಬಸ್ಸಿನಲ್ಲಿ ನಾಲ್ಕು ಗಂಟೆಗೂ ಮೇಲೆ. ಅಂತರರಾಷ್ಟ್ರೀಯ ವಿಮಾನಗಳು ಎರಡನೆಯ ಟರ್ಮಿನಲ್‌ನಿಂದ ಹೊರಡುತ್ತವೆ. ಮೂರು ಗಂಟೆ ಮೊದಲೇ ಅಲ್ಲಿರಬೇಕು. ಹಾರಾಟ ಹದಿನಾರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಮಿಗ್ರೇಷನ್, ಲಗೇಜು ಸೇರಿ ಒಂದೂವರೆ ಎರಡು ಗಂಟೆ. ಅಲ್ಲಿಂದ ಸನ್ನಿವೇಲ್ ಅಥವಾ ಫ್ರೀಮಾಂಟ್‌ನ ಮನೆಗೆ ಸಂಜೆಯ ಟ್ರಾಫಿಕ್‌ನಲ್ಲಿ ಇನ್ನೊಂದು ಗಂಟೆ. ಇಪ್ಪತ್ತಾರು ಗಂಟೆ ಆಯಿತು, ಅದೂ ತಡೆರಹಿತ ವಿಮಾನದಲ್ಲಿ. ಒಂದು ಕಡೆ ಬದಲಾಯಿಸುವವರು ಮೂವತ್ತು ಮೂವತ್ತೆರಡು ಎಂದಿಟ್ಟುಕೊಳ್ಳಿ.

ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಒಟ್ಟು ಗಂಟೆಯೇ ಮುಖ್ಯ. ಗಡಿಯಾರ ನೋಡಿ ಮಾತ್ರೆ ನುಂಗಿದರೆ ಒಂದು ಹೊತ್ತು ಹೆಚ್ಚಾಗುತ್ತದೆ ಇಲ್ಲವೇ ತಪ್ಪಿಹೋಗುತ್ತದೆ. ಮನೆಯಿಂದ ಹೊರಟ ಮೇಲೆ ಎಷ್ಟನೇ ಗಂಟೆಗೆ ಯಾವುದು ಎಂದು ವೈದ್ಯರಲ್ಲಿ ಬರೆಸಿಕೊಂಡು, ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಎರಡು ಮೂರು ಗಂಟೆಗೊಮ್ಮೆ ಎದ್ದು ನಡೆದಾಡಿ.

ಇನ್ನು ಕರೆದುಕೊಂಡು ಹೋಗಲು ಬರುವವರ ವಿಷಯ. ಮರಳುವ ಟಿಕೆಟ್ಟಿನಲ್ಲಿ ಇಳಿಯುವ ಹೊತ್ತಿನ ಪಕ್ಕ ಸಣ್ಣದಾಗಿ +2 ಎಂದಿರುತ್ತದೆ. ಹೊರಟ ದಿನದಿಂದ ಎರಡನೆಯ ದಿನ ಎಂದರ್ಥ. 9ರಂದು ಹೊರಟು 11ರ ಬೆಳಗಿನ ಜಾವ 3:45ಕ್ಕೆ ಇಳಿಯುವವರನ್ನು ಕರೆತರಲು ಹಾಸನದಿಂದ ಕಾರು ಹೊರಡಬೇಕಾದದ್ದು 10ರ ರಾತ್ರಿ. ಮಗ ಅಮೆರಿಕದಿಂದ ಹನ್ನೊಂದಕ್ಕೆ ಬರುತ್ತೇನೆ ಎಂದ, ನಾವು ಹನ್ನೊಂದರ ರಾತ್ರಿ ಹೊರಟೆವು ಎನ್ನುವ ಅವಾಂತರ ಆಗುವುದು ಹೀಗೆಯೇ. ವಾಟ್ಸಾಪ್‌ನಲ್ಲಿ ತಾರೀಕು ಕಳಿಸುವಾಗ ವಾರವನ್ನೂ ಬರೆದು, 'ಭಾನುವಾರ ರಾತ್ರಿ ಊಟ ಮಾಡಿ ಹೊರಡಿ, ಸೋಮವಾರ ಬೆಳಗಿನ ಜಾವ ಇಳಿಯುತ್ತೇವೆ' ಎಂದು ಪೂರ್ತಿ ವಾಕ್ಯದಲ್ಲಿ ಹೇಳಿ.

ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರ ಮತ್ತು ಮಾರ್ಚ್ ತಿಂಗಳ ಟಿಕೆಟ್ ಇರುವವರು ಇನ್ನೊಂದು ಸಲ ಪರೀಕ್ಷಿಸಿಕೊಳ್ಳಬೇಕು. ವಿಮಾನ ಸಂಸ್ಥೆಗಳ ಚಳಿಗಾಲದ ವೇಳಾಪಟ್ಟಿ ಅಕ್ಟೋಬರ್ ಕೊನೆಯ ಭಾನುವಾರ ಜಾರಿಗೆ ಬರುತ್ತದೆ, ಬೇಸಿಗೆಯದು ಮಾರ್ಚ್ ಕೊನೆಯ ಭಾನುವಾರ. ಅಮೆರಿಕದ ಗಡಿಯಾರ ಬದಲಾಗುವುದು ಬೇರೆ ಭಾನುವಾರಗಳಲ್ಲಿ. 2026ರಲ್ಲಿ ಅವು ಮಾರ್ಚ್ 8 ಮತ್ತು ನವೆಂಬರ್ 1. ಆರು ತಿಂಗಳ ಹಿಂದೆ ಕೊಂಡ ಟಿಕೆಟ್ಟಿನ ಹೊತ್ತು ಈ ನಡುವೆ ಒಂದು ಗಂಟೆ ಸರಿದಿರಬಹುದು. ಹೊರಡುವ ಮೂರು ದಿನ ಮೊದಲು ಪಿಎನ್‌ಆರ್ ಹಾಕಿ ನೋಡಿ, ಹೊಸ ಹೊತ್ತಿನ ಮೇಲೆ ಐದನೆಯ ಹಂತದ ಲೆಕ್ಕವನ್ನು ಮತ್ತೊಮ್ಮೆ ಹಾಕಿ, ಕಾರಿನವರಿಗೆ ಫೋನ್ ಮಾಡಿ.